ಸಿಪಾಯಿಯನ್ನು ಹುಡುಕಬೇಕೆ? ಅವನ ಮಗಳ ಅರ್ಜಿ ನೋಡಿ

ಪ್ರಶ್ನೆ: ನಮ್ಮ ಮಗಳು ಮದುವೆಯಾಗಿ ಕೆನಡಾದ ಒಂಟಾರಿಯೊದಲ್ಲಿದ್ದಾಳೆ. ಅಳಿಯ ಅಲ್ಲಿಯವನೇ. ಅವರ ವಂಶದ ಹಿರಿಯನೊಬ್ಬ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ರಾಜನ ಪರ ಹೋರಾಡಿದ ಸಿಪಾಯಿಯಂತೆ. ಸೋತ ಮೇಲೆ ಸೇಂಟ್ ಲಾರೆನ್ಸ್ ನದಿಯ ದಂಡೆಗೆ ಬಂದು ನೆಲೆಸಿದನಂತೆ. ಬೀಗಿತ್ತಿ ಇದನ್ನು ಬಹಳ ಹೆಮ್ಮೆಯಿಂದ ಹೇಳುತ್ತಾರೆ, ಆದರೆ ಕೈಯಲ್ಲಿ ಒಂದು ಕಾಗದವೂ ಇಲ್ಲ. ಅಷ್ಟು ಹಳೆಯ ಕಾಲದ ಒಬ್ಬ ಸಾಮಾನ್ಯ ಸಿಪಾಯಿಯನ್ನು ಹುಡುಕಲು ಸಾಧ್ಯವೇ? ನಮ್ಮ ಮೊಮ್ಮಗನಿಗೆ ಅದರಿಂದ ಏನಾದರೂ ಉಂಟೇ? ಅಷ್ಟಕ್ಕೂ ಬ್ರಿಟಿಷರ ಕಡೆ ಇದ್ದುದರಲ್ಲಿ ಹೆಮ್ಮೆಪಡುವಂಥದ್ದೇನಿದೆ?
– ಒಬ್ಬ ಓದುಗರು, ಹಾಸನ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಅದರಲ್ಲಿ ಸ್ವಲ್ಪ ಸಿಟ್ಟಿದೆ. ಬ್ರಿಟಿಷರ ಪರ ನಿಂತವನು ಎಂದೊಡನೆ ನಮಗೆ ಹುಬ್ಬು ಗಂಟಾಗುವುದು ಸಹಜ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾದ ಕಾರ್ನ್‌ವಾಲಿಸನೇ ಹತ್ತು ವರ್ಷದ ನಂತರ ಬೆಂಗಳೂರು ಕೋಟೆ ಹಿಡಿದು ಶ್ರೀರಂಗಪಟ್ಟಣದ ಮೇಲೆ ಹೋದವನು. ಆದರೆ ಲಾಯಲಿಸ್ಟರು ಎಂದು ಕರೆಸಿಕೊಂಡ ಆ ಜನರಲ್ಲಿ ಬಹುಪಾಲು ಕಾರ್ನ್‌ವಾಲಿಸರಲ್ಲ, ಗೇಣಿ ರೈತರು. ನ್ಯೂಯಾರ್ಕಿನ ಮೊಹಾಕ್ ಕಣಿವೆಯಲ್ಲಿ ಜಮೀನ್ದಾರ ಸರ್ ಜಾನ್ ಜಾನ್ಸನ್ ರಾಜನ ಕಡೆಯವನು. ಅವನ ಒಕ್ಕಲುಗಳಲ್ಲಿ 1773ರಲ್ಲಷ್ಟೇ ಹಡಗಿಳಿದಿದ್ದ ಸ್ಕಾಟ್ ಹೈಲ್ಯಾಂಡರುಗಳು ಅನೇಕರಿದ್ದರು. ಧಣಿ ಎತ್ತ ಹೋದನೋ ಅವರೂ ಅತ್ತ. ಅದೇ ಪ್ರಾಂತ್ಯದ ಹಡ್ಸನ್ ನದಿಯ ಬದಿಯಲ್ಲಿ ಲಿವಿಂಗ್‌ಸ್ಟನ್ ಮನೆತನದ ಜಮೀನ್ದಾರರು ಕ್ರಾಂತಿಯ ಪರ. ಅಲ್ಲಿಯ ಒಕ್ಕಲುಗಳು 1777ರಲ್ಲಿ ರಾಜನ ಹೆಸರು ಹೇಳಿ ದಂಗೆಯೆದ್ದರು, ರಾಜ ಗೆದ್ದರೆ ಉಳುವ ನೆಲ ತಮ್ಮದಾದೀತೆಂಬ ಆಸೆಯಿಂದ. ಒಂದು ಕಡೆ ಧಣಿಯ ಜೊತೆ, ಇನ್ನೊಂದು ಕಡೆ ಧಣಿಗೆ ಎದುರಾಗಿ, ಎರಡೂ ಕಡೆಯವರು ಲಾಯಲಿಸ್ಟರೇ. ರಾಜಭಕ್ತಿಗಿಂತ ಭೂಮಿಯ ಲೆಕ್ಕ ಇದರಲ್ಲಿ ಹೆಚ್ಚಿತ್ತು ಎಂಬುದು ನನ್ನ ಅಂದಾಜು. ನಿಮ್ಮ ಬೀಗರ ಸಿಪಾಯಿ ಸಿಕ್ಕರೆ ಅವನೂ ಹೊಲದವನೇ ಇರಬೇಕು.

ಇನ್ನು ಹುಡುಕಾಟ. ನಮ್ಮಲ್ಲಾದರೆ ಎತ್ತಿನ ಮೇಲೆ ಬಂದು ತಲೆತಲಾಂತರದ ಹೆಸರು ಹೇಳುವ ಹೆಳವರಿದ್ದಾರೆ. ಅಲ್ಲಿ ಆ ಕೆಲಸವನ್ನು ಸರ್ಕಾರಿ ಅರ್ಜಿಗಳು ಮಾಡುತ್ತವೆ. ಸಾಮಾನ್ಯ ಸಿಪಾಯಿಯ ಬಗ್ಗೆ ಯಾರೂ ಚರಿತ್ರೆ ಬರೆಯಲಿಲ್ಲ, ಆದರೆ ಅವನು ಸರ್ಕಾರದ ಮುಂದೆ ಕೈಚಾಚಿದಾಗಲೆಲ್ಲ ಗುಮಾಸ್ತನೊಬ್ಬ ಬರೆದಿಟ್ಟ. ಪಡಿ ಕೇಳಿದ, ಭೂಮಿ ಕೇಳಿದ, ಕಳೆದುಕೊಂಡದ್ದಕ್ಕೆ ಪರಿಹಾರ ಕೇಳಿದ. ಅವನ ಮಕ್ಕಳೂ ಕೇಳಿದರು. ಹಾಗಾಗಿ ಅವನು ಎಲ್ಲಿ ಹೋರಾಡಿದ ಎಂದು ಹುಡುಕುವುದಕ್ಕಿಂತ ಏನು ಕೇಳಿದ ಎಂದು ಹುಡುಕಿದರೆ ಬೇಗ ಸಿಗುತ್ತಾನೆ.

ಎಲ್ಲರೂ ಮಾಡುವ ತಪ್ಪೆಂದರೆ ಸೈನ್ಯದ ಪಟ್ಟಿಯಲ್ಲಿ ಅದೇ ಅಡ್ಡಹೆಸರಿನ ಒಬ್ಬನನ್ನು ಹಿಡಿದು ಅಲ್ಲಿಂದ ಕೆಳಗಿಳಿಯುವುದು. ಅಳಿಯನಿಂದ ಮೇಲಕ್ಕೆ ಹತ್ತಬೇಕು. ಒಂಟಾರಿಯೊದಲ್ಲಿ ಜನನ, ಮದುವೆ, ಮರಣದ ಸರ್ಕಾರಿ ನೋಂದಣಿ 1869ರಲ್ಲಿ ಶುರುವಾಯಿತು, ಅಲ್ಲಿಯವರೆಗೆ ದಾರಿ ಸಲೀಸು. ಮನೆಯವರೆಲ್ಲರ ಹೆಸರು ಬರೆದುಕೊಂಡ ಜನಗಣತಿ 1851ರದ್ದು. ಅದಕ್ಕೂ ಹಿಂದಿನ ಎರಡು ತಲೆಮಾರೇ ಕಷ್ಟ, ಅರ್ಜಿಗಳು ಕೈಹಿಡಿಯುವುದೂ ಅಲ್ಲೇ.

1784ರಲ್ಲಿ ವಿಸರ್ಜಿತ ರೆಜಿಮೆಂಟುಗಳಿಗೆ ನದಿಯ ದಂಡೆಯಲ್ಲಿ ಭೂಮಿ ಹಂಚಿದರು. ಸಿಪಾಯಿಗೆ 100 ಎಕರೆ, ಅವನ ಹೆಂಡತಿ ಮಕ್ಕಳಿಗೆ ತಲಾ 50. ಅಧಿಕಾರಿಗಳ ಪಾಲು ಇದರ ಹಲವು ಪಟ್ಟು. 1789ರ ನವೆಂಬರ್ 9ರಂದು ಗವರ್ನರ್ ಲಾರ್ಡ್ ಡಾರ್ಚೆಸ್ಟರ್ ಕ್ವಿಬೆಕ್‌ನಲ್ಲಿ ಹೊರಡಿಸಿದ ಆದೇಶ ಇನ್ನೂ ಮುಂದೆ ಹೋಯಿತು. ಲಾಯಲಿಸ್ಟನ ಗಂಡುಮಕ್ಕಳಿಗೆ ವಯಸ್ಸಿಗೆ ಬಂದಾಗ, ಹೆಣ್ಣುಮಕ್ಕಳಿಗೆ ವಯಸ್ಸಿಗೆ ಬಂದಾಗ ಇಲ್ಲವೇ ಮದುವೆಯಾದಾಗ, ತಲಾ 200 ಎಕರೆ. ಹೀಗಾಗಿ ಮಗಳು ಸಲ್ಲಿಸಿದ ಅರ್ಜಿ ವಂಶ ಹುಡುಕುವವರ ಪಾಲಿಗೆ ಚಿನ್ನ. ತಾನು ಇಂಥ ಊರಿನ ಇಂಥ ಲಾಯಲಿಸ್ಟನ ಮಗಳು, ಈಗ ಇಂಥವನ ಹೆಂಡತಿ ಎಂದು ಅವಳು ಪ್ರಮಾಣ ಮಾಡಿ ಹೇಳಬೇಕಿತ್ತು. ಅಪ್ಪ, ಗಂಡ, ಊರು ಮೂರೂ ಒಂದೇ ಹಾಳೆಯಲ್ಲಿ! ಬೇರೆಲ್ಲ ದಾಖಲೆಗಳಲ್ಲಿ ಮದುವೆಯಾದ ಕ್ಷಣಕ್ಕೆ ಮಾಯವಾಗುವ ಹೆಣ್ಣು ಇಲ್ಲಿ ಮಾತ್ರ ಎರಡು ಮನೆಗಳ ನಡುವೆ ಸೇತುವೆಯಾಗಿ ಸಿಗುತ್ತಾಳೆ. ಒಂಟಾರಿಯೊಗೆ ಆಗ ಅಪ್ಪರ್ ಕೆನಡಾ ಎಂದು ಹೆಸರು. ಅಪ್ಪರ್ ಕೆನಡಾ ಲ್ಯಾಂಡ್ ಪಿಟಿಷನ್ಸ್ ಎಂಬ ಈ ಸಂಗ್ರಹ ಒಟ್ಟಾವಾದ ಲೈಬ್ರರಿ ಆ್ಯಂಡ್ ಆರ್ಕೈವ್ಸ್ ಕೆನಡಾದಲ್ಲಿದೆ. ಅದರ ಹೆಸರುಪಟ್ಟಿಯನ್ನು ಹಾಸನದಲ್ಲಿ ಕೂತೇ ಅಂತರ್ಜಾಲದಲ್ಲಿ ನೋಡಬಹುದು.

ಅಪ್ಪನ ಹೆಸರು ಗಟ್ಟಿಯಾದ ಮೇಲೆ ರೆಜಿಮೆಂಟು. ನದಿಯ ದಂಡೆ ಎಂದು ಬರೆದಿದ್ದೀರಲ್ಲ, ಅದೇ ಒಳ್ಳೆಯ ಸುಳಿವು. ಜೊತೆಯಲ್ಲಿ ಹೋರಾಡಿದವರನ್ನು ಜೊತೆಯಲ್ಲೇ ನೆಲೆಗೊಳಿಸಿದ್ದರಿಂದ ಯಾವ ಟೌನ್‌ಶಿಪ್ ಎಂದು ತಿಳಿದರೆ ದಂಡು ಯಾವುದೆಂದು ಊಹಿಸಬಹುದು. ಷಾರ್ಲಟನ್‌ಬರ್ಗ್, ಕಾರ್ನ್‌ವಾಲ್, ಆಸ್ನಬ್ರಕ್, ವಿಲಿಯಮ್ಸ್‌ಬರ್ಗ್, ಮಟಿಲ್ಡಾ ಆದರೆ ಜಾನ್ಸನ್ ಕಟ್ಟಿದ ಕಿಂಗ್ಸ್ ರಾಯಲ್ ರೆಜಿಮೆಂಟ್ ಆಫ್ ನ್ಯೂಯಾರ್ಕ್‌ನ ಮೊದಲ ಬೆಟಾಲಿಯನ್. ಅದಕ್ಕೂ ಪಶ್ಚಿಮದ ಎಡ್ವರ್ಡ್ಸ್‌ಬರ್ಗ್, ಆಗಸ್ಟಾ, ಎಲಿಜಬೆತ್‌ಟೌನ್ ಆದರೆ ಜೆಸಪ್‌ನ ಲಾಯಲ್ ರೇಂಜರ್ಸ್. ಇವರ ಹಾಜರಿ ಪಟ್ಟಿಗಳೂ ಪಡಿ ಪಟ್ಟಿಗಳೂ ಆಗಿನ ಕ್ವಿಬೆಕ್ ಗವರ್ನರ್ ಹಾಲ್ಡಿಮಂಡ್‌ನ ಕಾಗದಪತ್ರಗಳಲ್ಲಿವೆ. ಮೂಲ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಪ್ರತಿಗಳು ಒಟ್ಟಾವಾದಲ್ಲಿ. ಕೆಲವು ಪಟ್ಟಿಗಳಲ್ಲಿ ವಯಸ್ಸು, ಎತ್ತರ, ಹುಟ್ಟಿದ ದೇಶವೂ ಸಿಗುತ್ತದೆ. ಸೈನ್ಯದ ಪಟ್ಟಿಗಿಂತ ನನಗೆ ಪಡಿ ಪಟ್ಟಿಯೇ ಹೆಚ್ಚು ಇಷ್ಟ, ಅದರಲ್ಲಿ ಹೆಂಗಸರು ಮಕ್ಕಳ ಎಣಿಕೆ ಇರುತ್ತದೆ. ಯುದ್ಧದ ವರ್ಷಗಳಲ್ಲಿ ಸಂಸಾರಗಳು ಮಶೀಶ್, ಸೊರೆಲ್ ಮುಂತಾದ ಕಡೆ ನಿರಾಶ್ರಿತರಾಗಿದ್ದವು. ಆ ಅವಧಿಯಲ್ಲಿ ಹುಟ್ಟಿದ ಮಗುವಿನ ಜನ್ಮಸ್ಥಳ ಕ್ವಿಬೆಕ್ ಎಂದಿದ್ದರೆ ಗಾಬರಿಯಾಗಬೇಡಿ.

ಹೆಸರಿನ ಕಾಟ ಮಾತ್ರ ಇದ್ದದ್ದೇ. ಮೊಹಾಕ್ ಕಣಿವೆಯ ರೈತರಲ್ಲಿ ಅನೇಕರು 1710ರ ಸುಮಾರಿಗೆ ಬಂದ ಪ್ಯಾಲಟೈನ್ ಜರ್ಮನರ ಮೊಮ್ಮಕ್ಕಳು. ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ: ಶ್ನೈಡರ್ ಒಂದು ಪಟ್ಟಿಯಲ್ಲಿ ಸ್ನೈಡರ್, ಯುಂಗ್ ಇನ್ನೊಂದರಲ್ಲಿ ಯಂಗ್. ಸಾಲದ್ದಕ್ಕೆ ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಅಜ್ಜನ ಹೆಸರು. ಒಂದೇ ತುಕಡಿಯಲ್ಲಿ ಇಬ್ಬರು ಜಾನ್‌ಗಳಿದ್ದರೆ ಅವರನ್ನು ಬೇರ್ಪಡಿಸುವುದು ಹೆಂಡತಿಯ ಹೆಸರು ಮತ್ತು ಜಮೀನಿನ ನಂಬರು, ಅಡ್ಡಹೆಸರಲ್ಲ.

ಅದೃಷ್ಟವಿದ್ದರೆ ಸಿಪಾಯಿಯ ಮಾತೇ ಸಿಗಬಹುದು. ಕಳೆದುಕೊಂಡ ಆಸ್ತಿಗೆ ಪರಿಹಾರ ಕೊಡಲು ಬ್ರಿಟಿಷ್ ಸಂಸತ್ತು ಆಯೋಗ ನೇಮಿಸಿತು. ಅದು ಲಂಡನ್ನಿನಲ್ಲಷ್ಟೇ ಅಲ್ಲ, ಹ್ಯಾಲಿಫ್ಯಾಕ್ಸ್, ಮಾಂಟ್ರಿಯಲ್ ಮುಂತಾದ ಕಡೆ ಕೂತು ಸಾಕ್ಷಿ ಕೇಳಿತು. ಆ ಕಡತಗಳು ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಎ.ಓ. 12, ಎ.ಓ. 13 ಎಂಬ ಗುರುತಿನಲ್ಲಿವೆ. ಎಷ್ಟು ಎಕರೆ ಕಾಡು ಕಡಿದಿದ್ದೆ, ಎಷ್ಟು ಹಸು, ಎಷ್ಟು ಕುದುರೆ, ಯಾರು ಹೊಡೆದುಕೊಂಡು ಹೋದರು, ಎಲ್ಲವನ್ನೂ ಜನ ಅಲ್ಲಿ ಹೇಳಿಕೊಂಡಿದ್ದಾರೆ. ಪರಿಹಾರದ ಅರ್ಜಿಯಲ್ಲವೇ, ಅಂಕಿಗಳು ಸ್ವಲ್ಪ ಉಬ್ಬಿರಬಹುದು. ಇಂಥ ಅರ್ಜಿಗಳಲ್ಲಿ ಹಸು ಕುದುರೆಗಳ ಸಾಲಿನಲ್ಲೇ ಗುಲಾಮರ ಬೆಲೆಯನ್ನೂ ಬರೆದವರಿದ್ದಾರೆ. ಬೀಗಿತ್ತಿಗೆ ಇದನ್ನು ಮೊದಲೇ ತಿಳಿಸಿಡುವುದು ಒಳ್ಳೆಯದು. ರಾಜನ ಕಡೆ ಸೇರಿ ಸ್ವತಂತ್ರರಾದ ಕರಿಯರೂ ಲಾಯಲಿಸ್ಟರೇ. 1783ರಲ್ಲಿ ನ್ಯೂಯಾರ್ಕಿನಿಂದ ಹಡಗು ಹತ್ತಿದ ಸುಮಾರು 3,000 ಮಂದಿಯ ಹೆಸರು, ವಯಸ್ಸು, ಹಿಂದಿನ ಯಜಮಾನನ ಹೆಸರು ಬುಕ್ ಆಫ್ ನೀಗ್ರೋಸ್ ಎಂಬ ದಫ್ತರದಲ್ಲಿವೆ. ಅವರಲ್ಲಿ ಅನೇಕರಿಗೆ ನೋವಾ ಸ್ಕೋಷಾದಲ್ಲಿ ಹೇಳಿದ ಭೂಮಿ ಸಿಗಲಿಲ್ಲ. 1792ರಲ್ಲಿ ಸಾವಿರಕ್ಕೂ ಹೆಚ್ಚು ಜನ ಸಿಯೆರಾ ಲಿಯೋನ್‌ಗೆ ಹೊರಟೇಹೋದರು.

ಸಮಾಧಿಕಲ್ಲು ಹುಡುಕಲು ಅಳಿಯ ಹೊರಟರೆ ಒಂದು ಮಾತು ಹೇಳಿ. ಜಲಮಾರ್ಗ ಮತ್ತು ವಿದ್ಯುತ್ ಯೋಜನೆಗಾಗಿ 1958ರ ಜುಲೈ 1ರಂದು ಸೇಂಟ್ ಲಾರೆನ್ಸ್ ದಂಡೆಯ ಹಲವು ಹಳ್ಳಿಗಳನ್ನು ಮುಳುಗಿಸಿದರು. ಹಳೆಯ ಸ್ಮಶಾನಗಳ ಎಷ್ಟೋ ಕಲ್ಲುಗಳನ್ನು ಮೊದಲೇ ಎತ್ತಿ ಮಾರಿಸ್‌ಬರ್ಗ್ ಬಳಿಯ ಅಪ್ಪರ್ ಕೆನಡಾ ವಿಲೇಜ್ ಪಕ್ಕದ ಸ್ಮಾರಕದ ಗೋಡೆಗಳಲ್ಲಿ ಕೂರಿಸಿದ್ದಾರೆ. ಹಳ್ಳಿ ಹುಡುಕಿ ನೀರಿನ ಮುಂದೆ ನಿಲ್ಲುವ ಬದಲು ಮೊದಲು ಅಲ್ಲಿಗೆ ಹೋಗಲಿ.

ಇಷ್ಟಾಗಿಯೂ ಮನೆಯ ಕಥೆ ಸುಳ್ಳಾಗಬಹುದು. 1792ರಲ್ಲಿ ಅಪ್ಪರ್ ಕೆನಡಾದ ಉಪಗವರ್ನರ್ ಸಿಮ್ಕೋ ಅಮೆರಿಕದಿಂದ ಬರುವ ಯಾರಿಗಾದರೂ 200 ಎಕರೆ ಎಂದು ಘೋಷಿಸಿದ. ಆಮೇಲೆ ಬಂದ ರೈತರಲ್ಲಿ ಯುದ್ಧದಲ್ಲಿ ಯಾವ ಪಕ್ಷವೂ ಅಲ್ಲದವರು, ಎದುರು ಪಕ್ಷದವರೂ ಇದ್ದರು. ಅವರ ಮರಿಮಕ್ಕಳೂ ಎಷ್ಟೋ ಸಲ ತಾವು ಲಾಯಲಿಸ್ಟರೆಂದೇ ನಂಬಿದ್ದಾರೆ. ಮೊದಲ ಅರ್ಜಿಯ ತಾರೀಖು 1784ರ ಹತ್ತಿರವಿಲ್ಲದೆ 1795ರ ಈಚೆಗಿದ್ದು, ಸೈನ್ಯದ ಮಾತೇ ಅದರಲ್ಲಿ ಇಲ್ಲದಿದ್ದರೆ ಅನುಮಾನಿಸಿ.

ಮೊಮ್ಮಗನ ಪ್ರಶ್ನೆ ಉಳಿಯಿತು. ಭೂಮಿ ಇನ್ನು ಸಿಗುವುದಿಲ್ಲ. ಆದರೆ ಯುನೈಟೆಡ್ ಎಂಪೈರ್ ಲಾಯಲಿಸ್ಟ್ಸ್ ಅಸೋಸಿಯೇಷನ್ ಆಫ್ ಕೆನಡಾ ಎಂಬ ಸಂಸ್ಥೆ ಪ್ರತಿ ತಲೆಮಾರಿಗೂ ದಾಖಲೆ ತೋರಿಸಿದವರಿಗೆ ಪ್ರಮಾಣಪತ್ರ ಕೊಡುತ್ತದೆ. ಹೆಸರಿನ ನಂತರ ಯು.ಇ. ಎಂದು ಬರೆದುಕೊಳ್ಳಬಹುದು. ಗಂಡಿನ ಕಡೆಯಿಂದಲೇ ಬಂದಿರಬೇಕೆಂಬ ಕಟ್ಟುಪಾಡಿಲ್ಲ, ನೇರ ಸಂತತಿಯಾದರೆ ಸಾಕು. ಅಳಿಯನವರೆಗಿನ ಸರಪಳಿಯನ್ನು ಬೀಗಿತ್ತಿ ಜೋಡಿಸಿದರೆ, ನಿಮ್ಮ ಮೊಮ್ಮಗನ ಪಾಲಿಗೆ ಮಿಕ್ಕುವ ಕೊಂಡಿ ಅಪ್ಪ ಅಮ್ಮ ಇಬ್ಬರ ಹೆಸರೂ ಇರುವ ಅವನ ಜನನ ಪತ್ರ ಒಂದೇ.