ಮೂರು ಮೀನುಗಳ ಮೂರು ದೃಷ್ಟಿ

ಶ್ರೀಮನ್ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮವೆಂಬ ಭಾಗವೊಂದುಂಟು. ಶರಶಯ್ಯೆಯಲ್ಲಿದ್ದ ಭೀಷ್ಮಾಚಾರ್ಯರು ಕಷ್ಟಕಾಲದಲ್ಲಿ ವಿವೇಕಿಯು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಧರ್ಮರಾಜನಿಗೆ ಇಲ್ಲಿ ಬೋಧಿಸುತ್ತಾರೆ. ಈ ಬೋಧೆಯ ನಡುವೆ ಇಲಿ ಮತ್ತು ಬೆಕ್ಕು, ಪಾರಿವಾಳ ಮತ್ತು ಬೇಡ ಮೊದಲಾದ ಉಪಾಖ್ಯಾನಗಳು ಬರುತ್ತವೆ. ಅವುಗಳಲ್ಲಿ ಅತ್ಯಂತ ಚಿಕ್ಕದಾದರೂ ಅರ್ಥದಲ್ಲಿ ಹಿರಿದಾದುದು ಮೂರು ಮೀನುಗಳ ಕಥೆ. ಒಂದೇ ಕೊಳ, ಒಂದೇ ನೀರು, ಒಂದೇ ಆಪತ್ತು. ಆದರೆ ಬಾಳನ್ನು ನೋಡುವ ದೃಷ್ಟಿ ಮಾತ್ರ ಮೂರು ಬಗೆ. ಮಕ್ಕಳಿಗೆ ಹೇಳುವ ಕಥೆಯೆಂದು ನಾವು ಇದನ್ನು ಬದಿಗಿರಿಸುವುದುಂಟು. ವಿಚಾರಮಾಡಿ ನೋಡಿದರೆ, ದೈವ ಮತ್ತು ಪುರುಷಪ್ರಯತ್ನಗಳ ಕುರಿತು ನಮ್ಮ ಮನೆಗಳಲ್ಲಿ ದಿನವೂ ಏಳುವ ಪ್ರಶ್ನೆಯೇ ಇಲ್ಲಿ ಅಡಗಿದೆ.

ಕಥಾಸಾರ

ಅಷ್ಟೇನೂ ಆಳವಿಲ್ಲದ ಒಂದು ಕೊಳದಲ್ಲಿ ಅನೇಕ ಮೀನುಗಳು ವಾಸವಾಗಿದ್ದವು. ಅವುಗಳಲ್ಲಿ ಮೂರು ಪರಸ್ಪರ ಸ್ನೇಹದಿಂದ ಇದ್ದವು. ಮೊದಲನೆಯದು ಮುಂಬರುವುದನ್ನು ಮೊದಲೇ ಕಾಣುವ ದೀರ್ಘದರ್ಶಿ. ಎರಡನೆಯದು ಪ್ರಸಂಗ ಬಂದೊಡನೆ ಉಪಾಯ ಹೊಳೆಯುವ ಪ್ರತ್ಯುತ್ಪನ್ನಮತಿ. ಮೂರನೆಯದು ಎಲ್ಲವನ್ನೂ ನಾಳೆಗೆ ತಳ್ಳುವ ದೀರ್ಘಸೂತ್ರ.

ಒಂದು ದಿನ ಬೆಸ್ತರು ಬಂದು ಕೊಳದ ನೀರನ್ನು ತಗ್ಗಿನ ಕಡೆಗೆ ಹರಿಯಿಸಲು ಸುತ್ತಲೂ ಕಾಲುವೆಗಳನ್ನು ತೋಡಿದರು. ನೀರು ಕುಗ್ಗುತ್ತಿರುವುದನ್ನು ಕಂಡ ದೀರ್ಘದರ್ಶಿಯು ಗೆಳೆಯರನ್ನು ಕರೆದು, ಈ ಜಲದಲ್ಲಿರುವ ಸಮಸ್ತರಿಗೂ ಆಪತ್ತು ಒದಗುತ್ತಲಿದೆ, ದಾರಿ ಕೆಡುವ ಮೊದಲೇ ಬೇರೆಡೆಗೆ ಹೋಗೋಣವೆಂದು ಹೇಳಿತು. ದೀರ್ಘಸೂತ್ರವು, ನೀನು ಹೇಳಿದುದು ಸರಿ, ಆದರೆ ಅವಸರವೇನೂ ಬೇಡವೆಂದಿತು. ಪ್ರತ್ಯುತ್ಪನ್ನಮತಿಯು, ಕಾಲ ಬಂದಾಗ ನನಗೆ ಉಪಾಯಕ್ಕೆ ಕೊರತೆಯಾಗದೆಂದಿತು. ದೀರ್ಘದರ್ಶಿಯು ಹೆಚ್ಚು ವಾದಿಸದೆ, ನೀರು ಹರಿದುಹೋಗುವ ಕಾಲುವೆಯೊಂದರಿಂದಲೇ ಹೊರಟು ಆಳವಾದ ಜಲಾಶಯವನ್ನು ಸೇರಿತು.

ನೀರು ಬತ್ತಿದ ಮೇಲೆ ಬೆಸ್ತರು ಮೀನುಗಳನ್ನು ಹಿಡಿದು ಹಗ್ಗಕ್ಕೆ ಪೋಣಿಸತೊಡಗಿದರು. ಪ್ರತ್ಯುತ್ಪನ್ನಮತಿಯು ಪೋಣಿಸಿದ ಮೀನುಗಳ ನಡುವೆ ನುಸುಳಿ ಹಗ್ಗವನ್ನು ಬಾಯಿಯಿಂದ ಕಚ್ಚಿಕೊಂಡಿತು. ನೋಡಿದವರಿಗೆ ಅದೂ ಪೋಣಿಸಲ್ಪಟ್ಟಂತೆಯೇ ತೋರಿತು. ಮೀನುಗಳನ್ನು ತೊಳೆಯಲು ತಿಳಿನೀರಿನಲ್ಲಿ ಅದ್ದಿದಾಗ ಹಗ್ಗವನ್ನು ಬಿಟ್ಟು ಪಾರಾಯಿತು. ದೀರ್ಘಸೂತ್ರವು ದಿಕ್ಕುಗೆಟ್ಟು ಅಲ್ಲಿಯೇ ಸತ್ತಿತು.

ಒಂದೇ ರೋಗಕ್ಕೆ ಎರಡು ಹೆಸರು

ಇದೇ ಕಥೆಯು ಪಂಚತಂತ್ರದಲ್ಲಿಯೂ ಹಿತೋಪದೇಶದಲ್ಲಿಯೂ ಬಂದಿದೆ. ಅಲ್ಲಿ ಮೊದಲನೆಯ ಮೀನಿನ ಹೆಸರು ಅನಾಗತವಿಧಾತಾ, ಎಂದರೆ ಬಾರದಿರುವುದಕ್ಕೆ ಮೊದಲೇ ವ್ಯವಸ್ಥೆ ಮಾಡುವವನು. ಎರಡನೆಯದರ ಹೆಸರು ಅದೇ. ಮೂರನೆಯದರ ಹೆಸರು ಮಾತ್ರ ಪೂರ್ಣವಾಗಿ ಬದಲಾಗಿದೆ. ಅಲ್ಲಿ ಅದು ದೀರ್ಘಸೂತ್ರವಲ್ಲ, ಯದ್ಭವಿಷ್ಯ. ‘ಆಗುವುದು ಆಗಲಿ’ ಎಂಬುವವನು. ಪಂಚತಂತ್ರದಲ್ಲಿ ಅವನು ತನ್ನ ಪಕ್ಷವನ್ನು ವಾದದಿಂದಲೂ ಸಮರ್ಥಿಸುತ್ತಾನೆ. ಯಾರದೋ ಮಾತು ಕೇಳಿ ಪಿತೃಪಿತಾಮಹರಿಂದ ಬಂದ ಕೊಳವನ್ನು ಬಿಡುವುದೇ? ಆಯುಸ್ಸು ಮುಗಿದಿದ್ದರೆ ಹೋದಲ್ಲಿಯೂ ಮರಣ ತಪ್ಪದು, ಎಂಬುದು ಅವನ ವಾದ.

ಈ ಹೆಸರಿನ ವ್ಯತ್ಯಾಸವು ಮನನಕ್ಕೆ ಯೋಗ್ಯವಾದುದು. ಭಾರತದ ಮೂರನೆಯ ಮೀನು ಬರಿಯ ಸೋಮಾರಿ. ಪಂಚತಂತ್ರದ ಮೂರನೆಯ ಮೀನು ತತ್ತ್ವಜ್ಞಾನವನ್ನು ಹೊದ್ದ ಸೋಮಾರಿ. ದೀರ್ಘಸೂತ್ರತೆಯೆಂಬುದು ರೋಗ, ‘ಆಗುವುದು ಆಗಲಿ’ ಎಂಬುದು ಆ ರೋಗಕ್ಕೆ ನಾವು ಕೊಡುವ ಗೌರವದ ಹೆಸರು. ಮೊದಲನೆಯದನ್ನು ಹಿರಿಯರು ಗದರಿಸಿ ತಿದ್ದಬಹುದು. ಎರಡನೆಯದನ್ನು ತಿದ್ದುವುದು ಕಷ್ಟ. ಏಕೆಂದರೆ ಅದು ಆಡುವ ಮಾತು ಭಕ್ತನ ಮಾತಿನಂತೆಯೇ ಕೇಳಿಸುತ್ತದೆ.

ಮಾಧ್ವರಾದ ನಮಗೆ ಈ ಎಚ್ಚರಿಕೆ ವಿಶೇಷವಾಗಿ ಅವಶ್ಯಕ. ಶ್ರೀಹರಿಯೊಬ್ಬನೇ ಸ್ವತಂತ್ರನು, ಉಳಿದ ಸಮಸ್ತವೂ ಅವನ ಅಧೀನವೆಂಬುದು ನಮ್ಮ ಸಿದ್ಧಾಂತದ ತಿರುಳು. ಮಗನ ವಿದ್ಯಾಭ್ಯಾಸ, ಮಗಳ ವಿವಾಹ, ವೃದ್ಧರ ಚಿಕಿತ್ಸೆ, ತಮ್ಮ ನಿತ್ಯಾನುಷ್ಠಾನ, ಇವೆಲ್ಲವನ್ನೂ ಮುಂದೂಡುತ್ತ ‘ಎಲ್ಲವೂ ಅವನ ಇಚ್ಛೆ’ ಎನ್ನುವವರನ್ನು ನಾವು ಕಾಣುತ್ತೇವೆ. ಅವರು ಹೇಳುವುದು ಸಿದ್ಧಾಂತವೇ, ಯದ್ಭವಿಷ್ಯನ ವಾದವೇ?

ಸಿದ್ಧಾಂತವು ಕೊಡುವ ಉತ್ತರ

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವದ ವಿಚಾರವು ಬರುತ್ತದೆ. ಜೀವನು ಕರ್ತನೇ ಹೌದೆಂದು ಅಲ್ಲಿ ಮೊದಲು ನಿರ್ಣಯವಾಗುತ್ತದೆ. ಅವನು ಕರ್ತನಲ್ಲದಿದ್ದರೆ, ಇದನ್ನು ಮಾಡು, ಇದನ್ನು ಬಿಡು ಎಂಬ ಶಾಸ್ತ್ರದ ವಿಧಿನಿಷೇಧಗಳೆಲ್ಲವೂ ವ್ಯರ್ಥವಾಗುವವು. ಕಲ್ಲಿಗೆ ಯಾರೂ ಸಂಧ್ಯಾವಂದನೆಯನ್ನು ವಿಧಿಸುವುದಿಲ್ಲ. ಅನಂತರ, ಈ ಕರ್ತೃತ್ವವೂ ಪರಮಾತ್ಮನಿಂದಲೇ ಬಂದುದೆಂಬ ನಿರ್ಣಯವು ಬರುತ್ತದೆ. ನಡುವೆ ಬಡಗಿಯ ದೃಷ್ಟಾಂತವುಂಟು. ಬಡಗಿಯು ಮಾಡಿಸುವವನ ಅಧೀನನಾಗಿಯೂ ಇರುತ್ತಾನೆ, ಕೆಲಸ ಮಾಡುವವನಾಗಿಯೂ ಇರುತ್ತಾನೆ; ಜೀವನೂ ಹಾಗೆಯೇ ಎಂದು ಶ್ರೀಮದಾಚಾರ್ಯರು ಭಾಷ್ಯದಲ್ಲಿ ತಿಳಿಸಿದ್ದಾರೆ. ಅಧೀನನೆಂಬ ಕಾರಣದಿಂದ ಬಡಗಿಯು ಉಳಿಯನ್ನು ಕೆಳಗಿಟ್ಟು ಕುಳಿತರೆ ಬಾಗಿಲು ತಾನಾಗಿ ಸಿದ್ಧವಾಗುವುದಿಲ್ಲ. ಕರ್ತೃತ್ವವು ಪರಾಧೀನವೆಂದರೆ ಕರ್ತೃತ್ವವೇ ಇಲ್ಲವೆಂದರ್ಥವಲ್ಲ.

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ಕರ್ಮಸಿದ್ಧಿಗೆ ಐದು ಕಾರಣಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ದೈವವು ಐದನೆಯದು. ಅದರ ಜೊತೆಗೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆಗಳನ್ನೂ ಹೇಳಿದ್ದಾನೆ. ಯದ್ಭವಿಷ್ಯನು ಐದನೆಯದನ್ನು ಮಾತ್ರ ಎತ್ತಿಕೊಂಡು ಉಳಿದ ನಾಲ್ಕನ್ನು ಅಳಿಸಿಹಾಕುತ್ತಾನೆ.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಜೀವರ ಸ್ವಭಾವವು ಅನಾದಿಯಾದುದು, ತಾರತಮ್ಯವೂ ನಿತ್ಯವಾದುದು. ಹೀಗಿರಲು ದೀರ್ಘಸೂತ್ರನು ದೀರ್ಘಸೂತ್ರನಾಗಿಯೇ ಇರಬೇಕಲ್ಲವೇ? ಅವನಿಗೆ ಉಪದೇಶಿಸಿ ಫಲವೇನು? ಮಹಾಭಾರತ ತಾತ್ಪರ್ಯನಿರ್ಣಯದಲ್ಲಿ, ಪಾಂಡವರ ವನವಾಸದ ಸಂದರ್ಭದಲ್ಲಿ, ಶ್ರೀಮದಾಚಾರ್ಯರು ಈ ವಿಷಯವನ್ನು ಬಿಡಿಸಿ ಹೇಳಿದ್ದಾರೆ. ಫಲಕ್ಕೆ ಜೀವನ ಅನಾದಿ ಯೋಗ್ಯತೆ, ಅನಾದಿ ಕರ್ಮ ಮತ್ತು ಪ್ರಯತ್ನ, ಈ ಮೂರೂ ಕಾರಣಗಳು. ಮೂರೂ ಶ್ರೀವಿಷ್ಣುವಿನ ವಶದಲ್ಲಿರತಕ್ಕವು. ಯೋಗ್ಯತೆಯು ಬೀಜದಂತೆ, ಪ್ರಯತ್ನವು ನೀರಿನಂತೆ. ನೀರೆರೆದ ಮಾತ್ರಕ್ಕೆ ಬೇವಿನ ಬೀಜದಿಂದ ಮಾವು ಹುಟ್ಟದೆಂಬುದು ನಿಜ. ಆದರೆ ನೀರೆರೆಯದಿದ್ದರೆ ಮಾವಿನ ಬೀಜದಿಂದಲೂ ಮಾವು ಹುಟ್ಟದು. ಇದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ತನ್ನ ಯೋಗ್ಯತೆ ಇಷ್ಟೇ ಎಂದು ನಮ್ಮಲ್ಲಿ ಯಾರೂ ತಿಳಿದವರಲ್ಲ. ತಿಳಿಯದಿರುವುದನ್ನು ಸೋಮಾರಿತನಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ನ್ಯಾಯವಲ್ಲ.

ಹಾಗಾದರೆ ನಿಜವಾದ ಶರಣಾಗತಿಯನ್ನೂ ಯದ್ಭವಿಷ್ಯನ ಮಾತನ್ನೂ ಬೇರ್ಪಡಿಸುವುದು ಹೇಗೆ? ಆ ಮಾತನ್ನು ಯಾವಾಗ ಆಡಿದೆವೆಂಬುದನ್ನು ಗಮನಿಸಿದರೆ ಸಾಕು. ‘ಹರಿಯ ಇಚ್ಛೆ’ ಎಂಬ ಮಾತು ಪ್ರಯತ್ನಕ್ಕೆ ಮೊದಲು ಬಂದರೆ ಆಲಸ್ಯ. ಪ್ರಯತ್ನವು ಮುಗಿದ ಮೇಲೆ ಬಂದರೆ ಶರಣಾಗತಿ. ವೈದ್ಯರನ್ನು ಕರೆಯದೆ ಆ ಮಾತು ಹೇಳುವವನು ಯದ್ಭವಿಷ್ಯ. ಮಾಡಬೇಕಾದುದೆಲ್ಲವನ್ನೂ ಮಾಡಿ, ಆದರೂ ಬಂದ ವಿಯೋಗವನ್ನು ಅದೇ ಮಾತಿನಿಂದ ತಾಳಿಕೊಳ್ಳುವವನು ಭಕ್ತ. ಮೊದಲನೆಯವನು ತನ್ನ ಕೆಲಸವನ್ನು ಹರಿಯ ಮೇಲೆ ಹೊರಿಸುತ್ತಾನೆ. ಎರಡನೆಯವನು ಫಲವನ್ನು ಹರಿಗೆ ಒಪ್ಪಿಸುತ್ತಾನೆ. ಇನ್ನೊಂದು ಪರೀಕ್ಷೆಯೂ ಉಂಟು. ಯದ್ಭವಿಷ್ಯನು ತನ್ನ ತತ್ತ್ವವನ್ನು ಊಟದ ಹೊತ್ತಿಗೆ ಎಂದೂ ಅನ್ವಯಿಸುವುದಿಲ್ಲ!

ಎರಡನೆಯವನನ್ನು ನಂಬಬಹುದೇ?

ನಮ್ಮಲ್ಲಿ ಹೆಚ್ಚಿನವರಿಗೆ ಮೆಚ್ಚುಗೆಯಾಗುವುದು ಎರಡನೆಯ ಮೀನು. ಅದರ ಬುದ್ಧಿ ಹರಿತವಾದುದು, ಧೈರ್ಯವೂ ಉಂಟು. ಆದರೆ ಭೀಷ್ಮಾಚಾರ್ಯರು ಅದನ್ನು ಆದರ್ಶವೆಂದು ಹೇಳಲಿಲ್ಲ. ‘ನಾನು ಕುಶಲಿ’ ಎಂದು ನಂಬಿ ಮೊದಲೇ ಸಿದ್ಧತೆ ಮಾಡದವನು ಪ್ರತ್ಯುತ್ಪನ್ನಮತಿಯಂತೆ ಸಂಶಯದ ಸ್ಥಿತಿಗೆ ಬೀಳುತ್ತಾನೆಂಬುದು ಅವರ ಅಭಿಪ್ರಾಯ. ಅದು ಉಳಿಯಿತು ನಿಜ. ಆದರೆ ಬೆಸ್ತರು ಮೀನುಗಳನ್ನು ತೊಳೆಯದೆಯೇ ಒಯ್ದಿದ್ದರೆ ಅದರ ಗತಿ ಏನಾಗುತ್ತಿತ್ತು?

ಶ್ರೀಮದ್ಭಾಗವತದಲ್ಲಿ ಈ ಬಗೆಯ ದೃಷ್ಟಾಂತಗಳುಂಟು. ಖಟ್ವಾಂಗ ರಾಜರ್ಷಿಯು ತನ್ನ ಆಯುಸ್ಸು ಒಂದು ಮುಹೂರ್ತ ಮಾತ್ರ ಉಳಿದಿದೆಯೆಂದು ತಿಳಿದೊಡನೆ ಎಲ್ಲವನ್ನೂ ತೊರೆದು ಹರಿಯಲ್ಲಿ ಮನಸ್ಸಿಟ್ಟನು. ಪರೀಕ್ಷಿತನಿಗೆ ಏಳು ದಿನಗಳು ದೊರೆತವು. ಅಜಾಮಿಳನು ಮರಣಕಾಲದಲ್ಲಿ ಮಗನ ನೆಪದಿಂದ ನಾರಾಯಣನಾಮವನ್ನು ಉಚ್ಚರಿಸಿದನು. ಇವುಗಳನ್ನು ಕೇಳಿ ‘ಕಡೆಗಾಲದಲ್ಲಿ ಒಂದು ಸಲ ನೆನೆದರೆ ಸಾಕು’ ಎಂದು ಲೆಕ್ಕಹಾಕುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಅಜಾಮಿಳನು ಪತಿತನಾಗುವ ಮೊದಲು ಸದಾಚಾರಸಂಪನ್ನನಾಗಿದ್ದನು. ಯಮದೂತರಿಂದ ಬಿಡುಗಡೆಯಾದ ಮೇಲೆ ಗಂಗಾದ್ವಾರಕ್ಕೆ ಹೋಗಿ ಸಾಧನೆ ಮಾಡಿದನು. ಪರೀಕ್ಷಿತನಾದರೋ ಹುಟ್ಟಿನಿಂದಲೇ ವಿಷ್ಣುರಾತನು. ಕಡೆಯ ಮುಹೂರ್ತದಲ್ಲಿ ಹೊಳೆಯುವ ಬುದ್ಧಿಯು ಹಿಂದಿನ ಅಭ್ಯಾಸದ ಫಲವೇ ಹೊರತು ಆಕಸ್ಮಿಕವಲ್ಲ. ಎರಡನೆಯ ಮೀನಾಗಬೇಕಾದರೂ ಮೊದಲನೆಯದರ ಅಭ್ಯಾಸವು ಬೇಕು.

ದೀರ್ಘದರ್ಶನವು ಆಚರಣೆಯಲ್ಲಿ

ನಮ್ಮ ಪರಂಪರೆಯು ದೀರ್ಘದರ್ಶನವನ್ನು ಮಾತಿನಲ್ಲಿ ಮಾತ್ರ ಕಲಿಸಲಿಲ್ಲ. ಉಡುಪಿಯ ಪರ್ಯಾಯವನ್ನೇ ನೋಡಬಹುದು. ಶ್ರೀಕೃಷ್ಣನ ಪೂಜೆಯು ತಪ್ಪದೆ ನಡೆಯಲೆಂದು ಶ್ರೀಮದಾಚಾರ್ಯರು ಅಷ್ಟಮಠಗಳ ಯತಿಗಳಿಗೆ ಸರದಿಯಂತೆ ಎರಡೆರಡು ತಿಂಗಳ ಪೂಜಾಕ್ರಮವನ್ನು ಏರ್ಪಡಿಸಿದರು. ಶ್ರೀವಾದಿರಾಜರು ಅದನ್ನು ಎರಡೆರಡು ವರ್ಷಗಳ ಅವಧಿಗೆ ಮಾರ್ಪಡಿಸಿದರು. ಪೀಠವೇರುವ ದಿನಕ್ಕೆ ಸುಮಾರು ಒಂದು ವರ್ಷ ಮೊದಲೇ ಬಾಳೆಯ ಮುಹೂರ್ತ ನಡೆಯುತ್ತದೆ. ಅನಂತರ ಅಕ್ಕಿಯ ಮುಹೂರ್ತ, ಕಟ್ಟಿಗೆಯ ಮುಹೂರ್ತ, ಕಡೆಗೆ ಭತ್ತದ ಮುಹೂರ್ತ. ಮಧ್ವಸರೋವರದ ಬಳಿ ರಥಾಕಾರವಾಗಿ ಜೋಡಿಸಿದ ಕಟ್ಟಿಗೆಯನ್ನು ಕಂಡವರೆಲ್ಲ ಬಲ್ಲರು. ಬರುವ ಭಕ್ತರಿಗೆ ಅನ್ನವಿಡುವವನು ಶ್ರೀಕೃಷ್ಣನೇ ಎಂಬ ನಂಬಿಕೆ ಅಲ್ಲಿ ಅಚಲವಾಗಿದೆ. ಆದರೂ ಅವನು ಇಡುವನೆಂದು ಯಾರೂ ಬಾಳೆಯನ್ನು ನೆಡದೆ ಕುಳಿತಿಲ್ಲ.

ಮನೆಯ ಮಟ್ಟದಲ್ಲಿ ಏಕಾದಶೀವ್ರತವೇ ಪಾಠ. ದ್ವಾದಶಿಯು ಅಲ್ಪವಾಗಿದ್ದ ದಿನ ಪಾರಣೆಯನ್ನು ಬೆಳಗಿನ ಜಾವದಲ್ಲಿಯೇ ಮುಗಿಸಬೇಕು. ದೀರ್ಘದರ್ಶಿಯಾದ ಗೃಹಿಣಿಯು ನವಮಿಯಂದೇ ಪಂಚಾಂಗವನ್ನು ನೋಡಿ, ದಶಮಿಯಂದು ಸಾಮಗ್ರಿಗಳನ್ನು ಒದಗಿಸಿಕೊಳ್ಳುವಳು. ಪ್ರತ್ಯುತ್ಪನ್ನಮತಿಯು ಏಕಾದಶಿಯ ರಾತ್ರಿ ತಿಳಿದು, ಹೇಗೋ ಹೊತ್ತಿಗೆ ಸರಿಯಾಗಿ ತೀರ್ಥವನ್ನು ಸ್ವೀಕರಿಸಿ ವ್ರತವನ್ನು ಉಳಿಸಿಕೊಳ್ಳುವಳು. ಮೂರನೆಯವಳು ಸೂರ್ಯನು ಮೇಲೇರಿದ ಮೇಲೆ ಪಂಚಾಂಗವನ್ನು ತೆರೆಯುವಳು. ಭೀಷ್ಮಾಚಾರ್ಯರು ಈ ಕಥೆಯ ಕೊನೆಯಲ್ಲಿ ಕಾಷ್ಠಾ, ಕಲಾ, ಮುಹೂರ್ತ, ಪಕ್ಷ, ಮಾಸ, ಋತು ಎಂದು ಕಾಲದ ವಿಭಾಗಗಳನ್ನು ಎಣಿಸಿ, ದೇಶಕಾಲಗಳನ್ನು ಅರಿತವನಿಗೇ ಫಲವೆಂದುದು ಈ ಕಾರಣದಿಂದಲೇ.

ಇನ್ನು ಆಯುಸ್ಸೆಂಬ ಕೊಳದ ನೀರಿನ ಲೆಕ್ಕ. ಭಾಗವತದ ಏಳನೆಯ ಸ್ಕಂಧದಲ್ಲಿ ಪ್ರಹ್ಲಾದರಾಜರು ಅಸುರಬಾಲಕರಿಗೆ ಈ ಲೆಕ್ಕವನ್ನು ತಿಳಿಸಿದ್ದಾರೆ. ಮನುಷ್ಯನ ಆಯುಸ್ಸು 100 ವರ್ಷವೆಂದಿಟ್ಟುಕೊಂಡರೆ, ಇಂದ್ರಿಯನಿಗ್ರಹವಿಲ್ಲದವನಿಗೆ ಅದರಲ್ಲಿ ಅರ್ಧ, ಎಂದರೆ 50 ವರ್ಷ, ನಿದ್ರೆಯಲ್ಲಿ ಹೋಗುತ್ತದೆ. ಬಾಲ್ಯ ಮತ್ತು ಆಟಪಾಟಗಳಲ್ಲಿ 20 ವರ್ಷ, ಮುಪ್ಪಿನ ಅಶಕ್ತಿಯಲ್ಲಿ 20 ವರ್ಷ. ಉಳಿಯುವುದು 10 ವರ್ಷ; ಅದೂ ತೃಪ್ತಿಯಿಲ್ಲದ ಕಾಮದಲ್ಲಿಯೂ ಮನೆಯ ಮೋಹದಲ್ಲಿಯೂ ಕಳೆದುಹೋಗುತ್ತದೆ. ಆದುದರಿಂದ ಭಾಗವತಧರ್ಮವನ್ನು ಎಳವೆಯಲ್ಲಿಯೇ ಆರಂಭಿಸಬೇಕೆಂಬುದು ಅವರ ಉಪದೇಶ. ‘ನಿವೃತ್ತಿಯಾದ ಮೇಲೆ ಪಾರಾಯಣ, ಮಕ್ಕಳ ಜವಾಬ್ದಾರಿ ಮುಗಿದ ಮೇಲೆ ಜಪ’ ಎನ್ನುವ ನಮಗೆ ಈ ಲೆಕ್ಕವು ಸಾಲದೇ? ಕಾಲುವೆಗಳನ್ನು ತೋಡಿಯಾಗಿದೆ. ನೀರು ಇಳಿಯುತ್ತಲಿದೆ. ಸದ್ದಾಗದಿರುವುದರಿಂದ ಮಾತ್ರ ನಮಗೆ ತಿಳಿಯುತ್ತಿಲ್ಲ.

ಮೊದಲನೆಯ ಮೀನಿನ ಎರಡು ಗುಣಗಳು

ಕಡೆಯದಾಗಿ ದೀರ್ಘದರ್ಶಿಯ ಎರಡು ಗುಣಗಳನ್ನು ಗಮನಿಸಬೇಕು. ಮೊದಲನೆಯದು, ಅದು ಮೌನವಾಗಿ ತಾನೊಂದೇ ಪಲಾಯನ ಮಾಡಲಿಲ್ಲ. ಗೆಳೆಯರಿಗೆ ಹಿತವನ್ನು ಹೇಳಿಯೇ ಹೊರಟಿತು. ಮನೆಯ ಹಿರಿಯರ ಕರ್ತವ್ಯವೂ ಇದೇ. ಕೇಳದಿದ್ದರೂ ಹೇಳಬೇಕು, ಹೇಳಿದ ಮೇಲೆ ಕಲಹವಾಡದೆ ತಾನು ಆಚರಿಸಿ ತೋರಿಸಬೇಕು. ಎರಡನೆಯದು, ಅದು ಪಾರಾದ ಕಾಲುವೆಯನ್ನು ಅದು ತೋಡಿದುದಲ್ಲ; ಕೊಲ್ಲಬಂದವರೇ ತೋಡಿದುದು. ಆಪತ್ತಿನೊಳಗೇ ದಾರಿಯನ್ನು ಇರಿಸಿದವನು ಶ್ರೀಹರಿ. ಅದನ್ನು ಕಂಡು ಈಜಿದುದು ಮಾತ್ರ ಮೀನಿನ ಪ್ರಯತ್ನ. ಇದನ್ನು ಮರೆತ ದೀರ್ಘದರ್ಶಿಯು ‘ನಾನೇ ಮಾಡಿದೆ’ ಎಂಬ ಅಹಂಕಾರಕ್ಕೆ ಬೀಳುವನು. ದಾರಿಯು ಅವನದು, ನಡಿಗೆಯು ನನ್ನದು, ನಡೆಯುವ ಶಕ್ತಿಯೂ ಅವನು ಕೊಟ್ಟುದು, ಎಂಬ ಅನುಸಂಧಾನವಿದ್ದರೆ ಪ್ರಯತ್ನವೇ ಪೂಜೆಯಾಗುವುದು.

ಮನನಕ್ಕಾಗಿ

1. ಈ ವಾರ ನಾವು ‘ನಾಳೆ’ ಎಂದು ತಳ್ಳಿದ ಕಾರ್ಯಗಳಲ್ಲಿ ಹರಿಯ ಹೆಸರನ್ನು ನೆಪವಾಗಿ ಹೇಳಿದುದು ಯಾವುದು?

2. ಮಕ್ಕಳಿಗೆ ಈ ಕಥೆಯನ್ನು ಹೇಳಿ, ಮೂರು ಮೀನುಗಳಲ್ಲಿ ತಮಗೆ ಇಷ್ಟವಾದುದು ಯಾವುದು, ಏಕೆ ಎಂದು ಕೇಳಿರಿ. ಎರಡನೆಯದೆಂದು ಹೇಳಿದರೆ ಭೀಷ್ಮಾಚಾರ್ಯರ ಅಭಿಪ್ರಾಯವನ್ನು ತಿಳಿಸಿರಿ.

3. ಬರುವ ಏಕಾದಶಿಗೆ ಪಂಚಾಂಗವನ್ನು ಇಂದೇ ನೋಡಿರಿ.

॥ ಶ್ರೀಕೃಷ್ಣಾರ್ಪಣಮಸ್ತು ॥