ನೈವೇದ್ಯಕ್ಕೆ ಕಾಶಿ ಹಲ್ವ

ಹೆಸರು ಕಾಶಿಯದಾದರೂ ಈ ಸಿಹಿ ನಮ್ಮ ಕರ್ನಾಟಕದ ಮದುವೆಮನೆ, ಹಬ್ಬದೂಟಗಳಲ್ಲಿ ಹೆಸರಾದದ್ದು. ಆಯುಧಪೂಜೆಯ ದಿನ ದೃಷ್ಟಿ ತೆಗೆದು ಒಡೆಯುವ ಬೂದುಗುಂಬಳಕಾಯಿಯಿಂದಲೇ ಇದನ್ನು ಮಾಡೋದು.

ನೈವೇದ್ಯದ ಅಡುಗೆಯನ್ನು ಮೊದಲೇ ರುಚಿ ನೋಡುವಂತಿಲ್ಲ. ಸಿಹಿ ಹೆಚ್ಚೋ ಕಡಿಮೆಯೋ ನಾಲಿಗೆ ಹೇಳದು. ಆದ್ದರಿಂದ ಅಳತೆ, ಹದ ಇವೆರಡನ್ನೇ ನಂಬಬೇಕು.

ಬೇಕಾಗುವ ಪದಾರ್ಥಗಳು: ಬೂದುಗುಂಬಳಕಾಯಿ ತುರಿ 2 ಲೋಟ, ಸಕ್ಕರೆ 1 ಲೋಟ, ತುಪ್ಪ ಕಾಲು ಲೋಟ, ಗೋಡಂಬಿ 10, ದ್ರಾಕ್ಷಿ ಸ್ವಲ್ಪ, ಏಲಕ್ಕಿ 2, ಹಾಲಲ್ಲಿ ನೆನೆಸಿದ ಕೇಸರಿ ನಾಲ್ಕೆಸಳು.

ಮಾಡುವ ವಿಧಾನ: ಕಾಯಿಯ ಸಿಪ್ಪೆ, ಬೀಜ, ಒಳಗಿನ ಮೆತ್ತನೆ ತಿರುಳು ತೆಗೆದು ತುರಿಯಬೇಕು. ದಪ್ಪ ತಳದ ಬಾಣಲೆಯಲ್ಲಿ ತುಪ್ಪ ಕಾಯಿಸಿ ಗೋಡಂಬಿ, ದ್ರಾಕ್ಷಿ ಹುರಿದು ತೆಗೆದಿಡಿ. ಅದೇ ತುಪ್ಪಕ್ಕೆ ತುರಿ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಬೇರೆ ನೀರು ಬೇಡ. ಕಾಯಿ ತನ್ನ ನೀರಲ್ಲೇ ಬೇಯುತ್ತೆ.

ಅನೇಕರು ತಪ್ಪೋದು ಇಲ್ಲೇ. ಅವಸರಪಟ್ಟು ಸಕ್ಕರೆಯನ್ನು ಮೊದಲೇ ಸುರಿದರೆ ತುರಿ ಬೇಯದೆ ನಾರಿನಂತೆ ಗಟ್ಟಿಯಾಗುತ್ತೆ. ತುರಿ ಪಾರದರ್ಶಕವಾಗಿ, ಬೆರಳಲ್ಲಿ ಒತ್ತಿದರೆ ಮೆತ್ತಗಾಗಿ, ನೀರು ಇಂಗಿದ ಮೇಲೆಯೇ ಸಕ್ಕರೆ ಹಾಕಬೇಕು. ಸಕ್ಕರೆ ಕರಗಿ ಮತ್ತೆ ನೀರಾಗುತ್ತೆ, ಗಾಬರಿ ಬೇಡ. ಕೇಸರಿ ಹಾಕಿ ಕೈಬಿಡದೆ ತಿರುವುತ್ತಿರಿ. ಹಲ್ವ ತಳ ಬಿಟ್ಟು ತುಪ್ಪ ಅಂಚಿಗೆ ಬಂದರೆ ಹದ ಬಂತೆಂದು ತಿಳಿಯಿರಿ. ಇಳಿಸಿ ಏಲಕ್ಕಿಪುಡಿ, ಗೋಡಂಬಿ, ದ್ರಾಕ್ಷಿ ಬೆರೆಸಿ.

ಮೊದಲು ದೇವರಿಗೆ, ಆಮೇಲೆ ಮನೆಮಂದಿಗೆ. ನೆರೆಮನೆಗೂ ಒಂದು ಬಟ್ಟಲು ಹೋದರೆ ಪ್ರಸಾದ ಪೂರ್ಣವಾಯಿತು.