ಗೃಹಸ್ಥನ ಅಪರಿಗ್ರಹ

‘ಪರಿ’ ಎಂದರೆ ಸುತ್ತಲೂ. ‘ಗ್ರಹ’ ಎಂದರೆ ಹಿಡಿಯುವಿಕೆ. ಸುತ್ತಲಿನದನ್ನೆಲ್ಲ ಬಾಚಿ ಹಿಡಿದುಕೊಳ್ಳುವುದು ಪರಿಗ್ರಹ. ಹಾಗೆ ಹಿಡಿಯದಿರುವುದು ಅಪರಿಗ್ರಹ. ಪತಂಜಲಿಗಳು ಐದು ಯಮಗಳಲ್ಲಿ ಇದನ್ನು ಕೊನೆಯದಾಗಿ ಎಣಿಸಿದ್ದಾರೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಧ್ಯಾನಯೋಗಿಗೆ ಇದನ್ನೇ ಹೇಳಿದೆ. ಹಾಗಾದರೆ ಗೃಹಸ್ಥನು ಏನನ್ನೂ ಇಟ್ಟುಕೊಳ್ಳಬಾರದೆ? ಹಾಗಲ್ಲ. ದೇವಪೂಜೆ, ಅತಿಥಿಸತ್ಕಾರ, ಕುಟುಂಬಪೋಷಣೆಗಳು ಅವನ ಧರ್ಮ. ಅವುಗಳಿಗೆ ಬೇಕಾದ ಸಾಧನಗಳು ಇರಲೇಬೇಕು. ಬಳಕೆಯಿಲ್ಲದೆ, ‘ನನ್ನದು’ ಎಂಬ ಅಭಿಮಾನವೊಂದರಿಂದಲೇ ಉಳಿದವುಗಳನ್ನು ಕುರಿತು ಇಲ್ಲಿ ವಿಚಾರ.

ರೈಲ್ವೆ ಸೇವೆಯಲ್ಲಿದ್ದ ನಾವು ವರ್ಗಾವಣೆಯಾದಾಗಲೆಲ್ಲ ಒಂದು ಮರದ ಪೆಟ್ಟಿಗೆಯನ್ನು ಬಿಚ್ಚದೆಯೇ ಊರಿಂದೂರಿಗೆ ಸಾಗಿಸಿದೆವು. ತೀರ್ಥರೂಪರು ಸ್ವಹಸ್ತದಿಂದ ಪ್ರತಿ ಮಾಡಿದ ಸುಮಧ್ವವಿಜಯವು ಅದರಲ್ಲಿತ್ತು. ನಿವೃತ್ತರಾಗಿ ಡೊಂಬಿವಲಿಯ ಎರಡು ಕೋಣೆಯ ಮನೆಗೆ ಬಂದು ತೆರೆದು ನೋಡಿದರೆ, ಗೆದ್ದಲು ನಮಗಿಂತ ಮೊದಲೇ ತೆರೆದಿತ್ತು. ಹದಿನಾರು ಸರ್ಗಗಳಲ್ಲಿ ಉಳಿದವು ಐದು. ಕಾಪಾಡುತ್ತಿದ್ದೇವೆಂದು ಭಾವಿಸಿದ್ದೆವು, ಮಾಡಿದ್ದು ಕೂಡಿಹಾಕುವುದನ್ನು ಮಾತ್ರ. ವರ್ಷಕ್ಕೊಮ್ಮೆ ಪಾರಾಯಣಕ್ಕೆ ತೆಗೆದಿದ್ದರೂ ಅದು ಉಳಿಯುತ್ತಿತ್ತು.

ಉಡುಪಿಯ ಪರ್ಯಾಯವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಎರಡು ತಿಂಗಳಿಗೊಮ್ಮೆ ಇದ್ದ ಸರದಿಯನ್ನು ಶ್ರೀವಾದಿರಾಜತೀರ್ಥರು ಎರಡು ವರ್ಷಗಳಿಗೆ ವಿಸ್ತರಿಸಿದರು. ಅವಧಿ ಮುಗಿದೊಡನೆ ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈಗಳು ಮುಂದಿನ ಯತಿಗಳ ಕೈಸೇರುತ್ತವೆ. ಕೈ ಬದಲಾಗುವುದರಿಂದಲೇ ಅವು ಸೇವೆಯಲ್ಲಿ ಉಳಿದಿವೆ.

ಆದರೆ ಮನೆ ಖಾಲಿಯಾಗಲೆಂದು ಕೊಡುವುದೆಲ್ಲ ದಾನವಲ್ಲ. ಕಠೋಪನಿಷತ್ತಿನಲ್ಲಿ ವಾಜಶ್ರವಸನು ಮೇವು ತಿನ್ನಲಾರದ, ಹಾಲು ಬತ್ತಿದ ಮುದಿಹಸುಗಳನ್ನು ದಕ್ಷಿಣೆಯಾಗಿ ಕೊಟ್ಟನು. ಬಾಲಕ ನಚಿಕೇತನಿಗೆ ಅದು ಸಹಿಸಲಿಲ್ಲ. ತೂತಾದ ಪಾತ್ರೆ, ಹರಿದ ಸೀರೆ ಗುಜರಿಗೆ ಹೋಗಲಿ. ಅವನ್ನು ಕೆಲಸದವಳ ಕೈಗಿತ್ತು ಪುಣ್ಯವೆಂದು ಎಣಿಸದಿರೋಣ.

ಮನೆಯಲ್ಲಿ ಅನುಸರಿಸಬಹುದಾದ ಕ್ರಮ ಹೀಗಿದೆ:

1. ನಿತ್ಯ ಬಳಸುವವು — ಪಂಚಪಾತ್ರೆ, ಉದ್ಧರಣೆ, ಮುದ್ರೆಗಳು, ಓದುವ ಗ್ರಂಥಗಳು — ಇರಲಿ.
2. ಹಬ್ಬ, ಶ್ರಾದ್ಧಗಳಿಗೆ ಬೇಕಾಗುವ ಪಾತ್ರೆಗಳು ಒಂದು ಜೊತೆ ಸಾಕು.
3. ಹಿರಿಯರ ನೆನಪಿನ ವಸ್ತುವಾದರೆ, ಅಟ್ಟದ ಮೇಲೆ ಹತ್ತನ್ನಿಡುವುದಕ್ಕಿಂತ ಕಣ್ಣೆದುರು ಒಂದನ್ನಿಡುವುದು ಮೇಲು.
4. ಮಿಕ್ಕವುಗಳಲ್ಲಿ ಗಟ್ಟಿಯಾಗಿರುವುದನ್ನು, ಬೇಕೇ ಎಂದು ಮೊದಲು ಕೇಳಿ, ಬಳಸುವವರಿಗೆ ಕೊಡಿ.

ನಮ್ಮ ತಾಯಿಯ ಹಿತ್ತಾಳೆಯ ಕೊಳಗವನ್ನು ಕೊಡುವಾಗ ಮನಸ್ಸು ಎರಡು ದಿನ ಒಪ್ಪಲಿಲ್ಲ. ಈಗ ಅದು ಹೊಸದಾಗಿ ಊರಿನಿಂದ ಬಂದ ಒಂದು ಕುಟುಂಬದ ಅಡಿಗೆಮನೆಯಲ್ಲಿದೆ. ಕಳೆದ ಆರಾಧನೆಯಂದು ಅದರಲ್ಲಿ ಮಾಡಿದ ಹಯಗ್ರೀವವನ್ನೇ ನಮಗೆ ಬಡಿಸಿದರು.

ಬರುವ ಏಕಾದಶಿಯಂದು ಹೇಗೂ ಒಲೆಗೆ ಬಿಡುವು. ಅಟ್ಟದ ಒಂದು ಪೆಟ್ಟಿಗೆಯನ್ನಾದರೂ ಕೆಳಗಿಳಿಸಿ ನೋಡೋಣ.

ಶ್ರೀಕೃಷ್ಣಾರ್ಪಣಮಸ್ತು